ಗೇಣಿಯ ಲೆಕ್ಕವೂ ಎಪಿಎಲ್ ಭಾಷೆಯ ಅಂಕಪರಿವರ್ತನೆಯೂ

ಹಳೆಯ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ ಕೋಷ್ಟಕ ತೆಗೆಯುವ ರೂಢಿ ಇತಿಹಾಸದ ಅಭ್ಯಾಸಿಗಳಲ್ಲಿಯೂ ಬಳಕೆಗೆ ಬಂದಿದೆ. ಕೋಷ್ಟಕವೊಂದು ಸಿದ್ಧವಾದ ಮೇಲೆ ಅದರೊಳಗಿನ ಅಂಕೆಗಳನ್ನು ಪ್ರಶ್ನಿಸುವವರು ವಿರಳ. ಆದರೆ ಪತ್ರದಲ್ಲಿರುವುದು ಬರಹ, ಕೋಷ್ಟಕದಲ್ಲಿರುವುದು ಸಂಖ್ಯೆ. ನಡುವೆ ಒಂದು ಪರಿವರ್ತನೆ ನಡೆದಿರುತ್ತದೆ. ಎಪಿಎಲ್ ಭಾಷೆಯೂ ಅದರ ಸಂತತಿಯೂ ಈ ಕಾರ್ಯವನ್ನು ಹೇಗೆ ನಡೆಸುತ್ತವೆ, ಅದು ನಮ್ಮ ಶಾಸ್ತ್ರಕ್ಕೆ ಎಷ್ಟರಮಟ್ಟಿಗೆ ಒಪ್ಪತಕ್ಕದ್ದು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಕೆನೆತ್ ಐವರ್ಸನ್ ೧೯೬೨ರಲ್ಲಿ ಪ್ರಕಟಿಸಿದ ಗ್ರಂಥದ ಸಂಕೇತಪದ್ಧತಿಯೇ ಎಪಿಎಲ್ ಭಾಷೆಯ ಮೂಲ. ಅಂಕೆಗಳ ಒಂದು ಸಾಲನ್ನಾಗಲಿ ಇಡೀ ಪಟ್ಟಿಯನ್ನಾಗಲಿ ಒಂದೇ ವಸ್ತುವೆಂದು ಭಾವಿಸಿ ಒಮ್ಮೆಗೇ ಗಣಿಸುವುದು ಅದರ ಗುಣ. ನೂರು ಒಕ್ಕಲುಗಳ ಲೆಕ್ಕ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ತಪ್ಪು ನುಸುಳಿದರೆ ಅದೂ ಒಂದೇ ವಾಕ್ಯದಲ್ಲಿ ನೂರು ಕಡೆ ಹರಡುತ್ತದೆಂಬುದನ್ನು ಮರೆಯಬಾರದು.

ಉದಾಹರಣೆಗಾಗಿ ಬೈಂದೂರು ತಾಲ್ಲೂಕಿನ ಬಿಜೂರಿನಂಥ ಗ್ರಾಮದ ಗೇಣಿಯ ಲೆಕ್ಕವೊಂದನ್ನು ಕಲ್ಪಿಸಿಕೊಳ್ಳೋಣ. ಭೂಸುಧಾರಣಾ ಕಾಯಿದೆಯ ತಿದ್ದುಪಡಿ ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಅಳಿಯುವವರೆಗೆ ಈ ಸೀಮೆಯಲ್ಲಿ ಗೇಣಿ ಸಲ್ಲುತ್ತಿದ್ದುದು ಬಹುಮಟ್ಟಿಗೆ ಅಕ್ಕಿಯ ಮುಡಿಗಳಲ್ಲಿ. ಮೂವರು ಒಕ್ಕಲುಗಳ ಹೆಸರಿನ ಮುಂದೆ ಕ್ರಮವಾಗಿ ೧೨ ಮುಡಿ, ಗೆದ್ದಲು ತಿಂದು ಓದಲಾಗದ ಒಂದು ಗುರುತು, ೯ ಮುಡಿ ಎಂದಿದೆಯೆನ್ನೋಣ. ಇದನ್ನು ಸಂಖ್ಯೆಯಾಗಿಸುವುದು ಹೇಗೆ?

ಮೊದಲನೆಯ ಉಪಾಯ ‘ಎಕ್ಸಿಕ್ಯೂಟ್’ ಎಂಬ ಕ್ರಿಯೆ. ಬರಹವನ್ನು ಆಜ್ಞೆಯೆಂದೇ ತಿಳಿದು ಅದು ನಡೆಸಿಬಿಡುತ್ತದೆ. ಶಾನುಭೋಗನು ‘೧೨-೫’ ಎಂದು ಬರೆದದ್ದು ಹನ್ನೆರಡು ಮುಡಿ ಐದು ಸೇರು ಎಂಬರ್ಥದಲ್ಲಿ. ಅದನ್ನು ಇಂಗ್ಲಿಷ್ ಅಂಕೆಗಳಲ್ಲಿ ಹಾಗೆಯೇ ಒಪ್ಪಿಸಿದರೆ ಯಂತ್ರವು ಕಳೆದು ೭ ಎನ್ನುತ್ತದೆ. ದಾಖಲೆಯನ್ನು ಓದುವ ಬದಲು ಅದರ ಮಾತು ಕೇಳಿ ಕುಣಿಯುವ ಈ ವಿಧಾನವನ್ನು ಕೈಬಿಡುವುದೇ ಲೇಸು.

೧೯೯೦ರಲ್ಲಿ ಐವರ್ಸನ್ ಮತ್ತು ರೋಜರ್ ಹುಯಿ ಅವರು ರೂಪಿಸಿದ ಜೆ ಭಾಷೆಯಲ್ಲಿ ಇನ್ನೊಂದು ದಾರಿಯುಂಟು. ಸಂಖ್ಯೆಯಾಗದ ಬರಹವಿದ್ದಲ್ಲಿ ಯಾವ ಅಂಕೆಯನ್ನು ತುಂಬಬೇಕೆಂದು ಬಳಸುವವನೇ ಮೊದಲು ಹೇಳಬಹುದು. ಸೊನ್ನೆಯೆಂದು ಹೇಳಿದರೆ ನಮ್ಮ ಸಾಲು ೧೨, ೦, ೯ ಆಗುತ್ತದೆ; ಸರಾಸರಿ ೭ ಮುಡಿ. ಓದಲು ಸಿಕ್ಕ ಇಬ್ಬರದನ್ನೇ ಲೆಕ್ಕಿಸಿದರೆ ಹತ್ತೂವರೆ. ಸೊನ್ನೆಯೆಂದರೆ ಒಕ್ಕಲು ಗೇಣಿ ಕೊಡಲಿಲ್ಲ ಎಂದರ್ಥ, ಮಾಫಿಯಾಯಿತೆಂದೂ ಆದೀತು. ಗೆದ್ದಲಿನ ಕೆಲಸವನ್ನು ಒಕ್ಕಲಿನ ಬಾಕಿಯೆಂದು ಬರೆಯುವ ಅಧಿಕಾರ ನಮಗೆ ಯಾರು ಕೊಟ್ಟರು?

ಈ ದೃಷ್ಟಿಯಿಂದ ಡಯಲಾಗ್ ಎಪಿಎಲ್ ಭಾಷೆಯ ‘ವೆರಿಫೈ ಅಂಡ್ ಫಿಕ್ಸ್ ಇನ್‌ಪುಟ್’ ನಮಗೆ ಅತ್ಯಂತ ಮೆಚ್ಚುಗೆಯಾಯಿತು. ಅದು ಕೊಡುವ ಉತ್ತರಗಳು ಎರಡು. ಒಂದು ೧೨, ೦, ೯ ಎಂಬ ಸಂಖ್ಯೆಗಳ ಸಾಲು. ಇನ್ನೊಂದು ೧, ೦, ೧ ಎಂಬ ಸಾಕ್ಷ್ಯದ ಸಾಲು, ಎಂದರೆ ಯಾವುದು ಸಂಖ್ಯೆಯಾಗಿ ಓದಲು ಸಿಕ್ಕಿತು, ಯಾವುದು ಸಿಕ್ಕಲಿಲ್ಲ ಎಂಬ ಹೇಳಿಕೆ. ಶಾಸನದ ಪಾಠವನ್ನು ಅಚ್ಚಿಸುವಾಗ ತ್ರುಟಿತ ಭಾಗವನ್ನು ಚುಕ್ಕೆಗಳಿಂದ ತೋರಿಸುವ ನಮ್ಮ ಪದ್ಧತಿಗೂ ಇದಕ್ಕೂ ಭೇದವಿಲ್ಲ. ಎರಡನೆಯ ಸಾಲನ್ನು ಎಸೆದು ಮೊದಲನೆಯದನ್ನು ಮಾತ್ರ ಉಳಿಸಿಕೊಳ್ಳುವವರಿಗೆ ಈ ಸೌಕರ್ಯದಿಂದ ಪ್ರಯೋಜನವಿಲ್ಲ.

ಆದರೆ ಈ ಕ್ರಿಯೆ ಕನ್ನಡ ಅಂಕೆಗಳನ್ನು ಅರಿಯದು. ಆಗ ಅಕ್ಷರಗಳ ಸ್ಥಾನವನ್ನು ಹುಡುಕಿ ಬೆಲೆ ಕಟ್ಟಬೇಕು: ೦ಯಿಂದ ೯ರವರೆಗೆ ಹತ್ತು ಅಂಕೆಗಳನ್ನು ಸಾಲಾಗಿಟ್ಟು, ಒಂದರಿಂದ ಎಣಿಸಿ ಸಿಕ್ಕ ಸ್ಥಾನದಲ್ಲಿ ಒಂದು ಕಳೆಯುವುದು. ಇಲ್ಲಿ ಮೋಸವಿದೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ ಚಿಹ್ನೆಗಳು. ಬೆರಳಚ್ಚಿನವರು ೧೦೪ ಎಂಬಲ್ಲಿ ಸೊನ್ನೆಗೆ ಬದಲು ಅನುಸ್ವಾರ ಒತ್ತಿದರೆ ಅದು ಸಾಲಿನಲ್ಲಿ ಸಿಕ್ಕುವುದಿಲ್ಲ. ಸಿಕ್ಕದ್ದಕ್ಕೆ ಭಾಷೆಯು ಹನ್ನೊಂದನೆಯ ಸ್ಥಾನವೆಂದು ಉತ್ತರ ಕೊಡುತ್ತದೆ. ಒಂದು ಕಳೆದರೆ ಹತ್ತು. ಆ ಹತ್ತು ಹತ್ತರ ಸ್ಥಾನದಲ್ಲಿ ಕುಳಿತು ೧೦೪ ಎಂಬುದು ೨೦೪ ಆಗುತ್ತದೆ. ಯಂತ್ರ ಯಾವ ದೂರನ್ನೂ ಹೇಳದು, ಕಾಗದದ ಮೇಲೆ ನೋಡಿದರೆ ನಮಗೂ ತಿಳಿಯದು.

ಮುಡಿಯನ್ನು ಸೇರಿಗೆ ಇಳಿಸುವ ಕೆಲಸದಲ್ಲಿ ಮಾತ್ರ ಈ ಭಾಷೆಗೆ ಸಾಟಿಯಿಲ್ಲ. ದಕ್ಷಿಣ ಕನ್ನಡದ ಲೆಕ್ಕದಲ್ಲಿ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ‘ಡಿಕೋಡ್’ ಎಂಬ ಒಂದೇ ಚಿಹ್ನೆಗೆ ಈ ಪ್ರಮಾಣಗಳನ್ನು ಕೊಟ್ಟರೆ ೨ ಮುಡಿ ೧ ಕಳಸಿಗೆ ೫ ಸೇರು ಎಂಬುದು ೧೦೩ ಸೇರಾಗಿ ಬರುತ್ತದೆ. ಆದರೆ ಮುಡಿ ಎಲ್ಲ ಊರಲ್ಲಿಯೂ ಎಲ್ಲ ಕಾಲದಲ್ಲಿಯೂ ಒಂದೇ ಅಳತೆಯದಾಗಿರಲಿಲ್ಲ. ಆದ್ದರಿಂದಲೇ ಕರಾವಳಿಯ ಶಾಸನಗಳಲ್ಲಿ ಇಷ್ಟು ಹಾನೆಯ ಮುಡಿ ಎಂಬ ವಿಶೇಷಣ ಕಂಡುಬರುತ್ತದೆ. ಪ್ರಕಟವಾಗುವ ಕೋಷ್ಟಕದಲ್ಲಿ ಸಂಖ್ಯೆಯ ಪಕ್ಕದಲ್ಲಿ ಮೂಲದ ಬರಹ, ಓದಾದದ್ದೇ ಅಲ್ಲವೇ ಎಂಬ ಗುರುತು, ಯಾವ ಅಳತೆಯ ಮುಡಿ ಎಂಬ ಸೂಚನೆ, ಈ ಮೂರೂ ಇರಬೇಕೆಂದು ನಾವು ಕೇಳುತ್ತೇವೆ. ಪುಟ ಹೆಚ್ಚಾಗುತ್ತದೆಂಬ ಆಕ್ಷೇಪಣೆಗೆ, ಹೆಚ್ಚಾಗಲಿ ಎಂಬುದೇ ನಮ್ಮ ಉತ್ತರ.