ಗಡ್ಡೆಗೆ ತುಸು ಬಾಯಾರಿಕೆ ಇರಲಿ

ಮಾರ್ಚ್ ಮುಗಿಯುವ ಹೊತ್ತಿಗೆ ಶ್ರೀನಗರದ ಟ್ಯೂಲಿಪ್ ತೋಟ ಜನರಿಗೆ ತೆರೆಯುತ್ತದೆ. ದಾಲ್ ಸರೋವರದ ಬಳಿಯ ಆ ಹೂಪಟ್ಟಿಗಳ ಚಿತ್ರ ಮುಧೋಳ, ಜಮಖಂಡಿ, ಬೀಳಗಿಯ ಫೋನುಗಳಿಗೂ ಬಂದು ಬೀಳುತ್ತದೆ. ಬೆನ್ನಿಗೇ ಪ್ರಶ್ನೆ: ರನ್ನ ಬೆಳಗಲಿಯಲ್ಲಿ ಮನೆ ಮುಂದೆ ನಾಲ್ಕು ಟ್ಯೂಲಿಪ್ ಬೆಳೆಸಬಹುದೆ? ಆನ್‌ಲೈನಿನಲ್ಲಿ ಗಡ್ಡೆ ಸಿಗುತ್ತದಲ್ಲ?

ಗಡ್ಡೆ ಸಿಗುತ್ತದೆ, ಚಳಿ ಸಿಗುವುದಿಲ್ಲ. ಟ್ಯೂಲಿಪ್ ಗಡ್ಡೆಯೊಳಗಿನ ಮೊಗ್ಗು ದಂಟು ಚಾಚಿ ಮೇಲೇಳಬೇಕಾದರೆ ಮೂರು ತಿಂಗಳಾದರೂ 10 ಡಿಗ್ರಿಗಿಂತ ಕೆಳಗಿನ ತಂಪು ಬೇಕು. ಫ್ರಿಜ್ಜಿನಲ್ಲಿಟ್ಟು ಆ ತಂಪು ಕೊಡುವವರಿದ್ದಾರೆ. ಆದರೆ ಅದೇ ಫ್ರಿಜ್ಜಿನಲ್ಲಿ ಸೇಬೋ ಬಾಳೆಹಣ್ಣೋ ಇದ್ದರೆ ಅವು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಗಡ್ಡೆಯೊಳಗೇ ಸಾಯುತ್ತದೆ. ಅದನ್ನೂ ದಾಟಿ ಹೂ ಬಂದರೆ ನಮ್ಮ ಬಿಸಿಲಿಗೆ ಬೇಗ ಬಾಡುತ್ತದೆ, ಮರುವರ್ಷಕ್ಕೆ ಗಡ್ಡೆ ಉಳಿಯುವುದಿಲ್ಲ. ಒಂದು ಹೂವಿಗಾಗಿ ಇಷ್ಟು ಗುದ್ದಾಟ ನನಗಂತೂ ರುಚಿಸುವುದಿಲ್ಲ.

ಹಿಮ ಕರಗಿದಾಗ ಕಣ್ಣು ಬಿಡುವ ವಸಂತ ನಮ್ಮದಲ್ಲ. ಯುಗಾದಿಯ ಹೊತ್ತಿಗೆ ಎರೆಹೊಲ ಬಿರಿದಿರುತ್ತದೆ, ಏಪ್ರಿಲ್ ಮಧ್ಯಾಹ್ನಗಳು 40 ಡಿಗ್ರಿಯ ಹತ್ತಿರ ಸುಳಿಯುತ್ತವೆ. ಇಂಥದರಲ್ಲೂ ಅರಳುವ ಗಡ್ಡೆಗಳಿವೆ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಬರ ಮಾಡುತ್ತದೆ. ತಿಂಗಳುಗಟ್ಟಲೆ ಒಣಗಿದ ಗಡ್ಡೆ ನೀರು ಕಂಡೊಡನೆ ಹೂವನ್ನೇ ಮೊದಲು ಮೇಲೆ ಕಳಿಸುತ್ತದೆ. ಆದ್ದರಿಂದ ಹೊಸದಾಗಿ ಕೈಹಚ್ಚುವವರು ಮೊದಲು ಕಲಿಯಬೇಕಾದದ್ದು ನೀರು ಹಾಕುವುದನ್ನಲ್ಲ, ನಿಲ್ಲಿಸುವುದನ್ನು. ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಊರಿನವರಿಗೆ ಇದು ಒಗ್ಗುವುದು ಕಷ್ಟ. ನೀರಿದ್ದೂ ಗಿಡವನ್ನು ಒಣಗಿಸುವುದೆಂದರೆ ಪಾಪ ಮಾಡಿದಂತೆನಿಸುತ್ತದೆ.

ಆದರೆ ಈ ಪಾಠ ನಮಗೆ ಹೊಸದೇನಲ್ಲ. ಬಾಗಲಕೋಟೆ ಸೀಮೆಯ ರೈತ ಉಳ್ಳಾಗಡ್ಡಿ ಕೀಳುವ ಹತ್ತು ಹದಿನೈದು ದಿನ ಮೊದಲೇ ನೀರು ಕಟ್ಟುವುದನ್ನು ಬಿಡುತ್ತಾನೆ. ಗರಿ ಬಾಗಿ ನೆಲಕ್ಕೆ ಬಿದ್ದಮೇಲೆ ಕಿತ್ತು, ನೆರಳಲ್ಲಿ ಹರವಿ, ಕುತ್ತಿಗೆ ಒಣಗಿದ ಮೇಲೆಯೇ ಗಾಳಿಯಾಡುವ ಕಡೆ ಒಟ್ಟುತ್ತಾನೆ. ಹಸಿ ಕುತ್ತಿಗೆಯ ಗಡ್ಡೆ ಕೊಳೆಯುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೂವಿನ ಗಡ್ಡೆಗೂ ಇದೇ ಲೆಕ್ಕ. ಸಸ್ಯವಿಜ್ಞಾನಿಗಳೂ ಈಗ ಉಳ್ಳಾಗಡ್ಡಿಯನ್ನು ಅಮರಿಲ್ಲಿಸ್ ಕುಟುಂಬದಲ್ಲೇ ಇಡುತ್ತಾರೆ. ನೆಂಟಸ್ತಿಕೆ ಅಷ್ಟಕ್ಕೇ ನಿಲ್ಲಲಿ: ಅಮರಿಲ್ಲಿಸ್ ಗಡ್ಡೆ ನೋಡಲು ಉಳ್ಳಾಗಡ್ಡಿಯಂತೆಯೇ ಇದ್ದರೂ ವಿಷ. ಅದನ್ನು ಅಡುಗೆಮನೆಯ ಬುಟ್ಟಿಯ ಹತ್ತಿರ ಸುಳಿಯಗೊಡಬೇಡಿ.

ಹೊಸಬರಿಗೆ ನಾನು ಮೊದಲು ಹೇಳುವ ಗಡ್ಡೆ ಈ ಅಮರಿಲ್ಲಿಸೇ. ಇದರ ಮೂಲ ದಕ್ಷಿಣ ಅಮೆರಿಕ, ಶಾಸ್ತ್ರೀಯ ಹೆಸರು ಹಿಪ್ಪಿಯಾಸ್ಟ್ರಮ್. ನಮ್ಮಲ್ಲಿ ಬಹಳ ಮಂದಿ ಬರೀ ಲಿಲ್ಲಿ ಎನ್ನುತ್ತಾರೆ. ಕೆಂಪು ಎಸಳಿನ ನಡುವೆ ಬಿಳಿ ಗೆರೆ ಎಳೆದ, ತುತ್ತೂರಿಯಾಕಾರದ ಹೂ. ಈ ಜಾತಿಯ ಮೊದಲ ಮಿಶ್ರತಳಿ ಮಾಡಿದವನು ಇಂಗ್ಲೆಂಡಿನ ಲ್ಯಾಂಕಶೈರ್‌ನ ಆರ್ಥರ್ ಜಾನ್ಸನ್, 1799ರಲ್ಲಿ. ಅವನ ಕಸುಬು ಗಡಿಯಾರ ಮಾಡುವುದು. ಬಳೆಗಾರರ ಮನೆಯ ಮಗ ರನ್ನ ಮಹಾಕವಿಯಾದ ನಾಡಿನವರಿಗೆ ಇದರಲ್ಲಿ ಅಚ್ಚರಿ ಕಾಣಬೇಕಿಲ್ಲ.

ಗಡ್ಡೆ ಕೊಳ್ಳುವಾಗ ಒತ್ತಿ ನೋಡಿ. ಗಟ್ಟಿಯಾಗಿರಬೇಕು, ಬುಡ ಒಣಗಿರಬೇಕು, ಮುಷ್ಟಿಗಾತ್ರಕ್ಕೆ ಕಡಿಮೆಯಿರಬಾರದು. ಸಣ್ಣ ಗಡ್ಡೆ ಅಗ್ಗವಾಗಿ ಸಿಗುತ್ತದೆ, ಎರಡು ಮೂರು ವರ್ಷ ಬರೀ ಎಲೆ ತೋರಿಸುತ್ತದೆ. ಎರೆಮಣ್ಣಿನಲ್ಲಿ ನೇರವಾಗಿ ಊರಬೇಡಿ. ನೀರು ಕುಡಿದ ಎರೆ ಅಂಟಾಗಿ ಬಿಗಿದುಕೊಂಡು ಗಡ್ಡೆಯನ್ನು ಉಸಿರುಗಟ್ಟಿಸುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಮಸಾರಿ ಮಣ್ಣು ಎರಡು ಪಾಲು, ಉಸುಕು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಮೇಲೊಂದು ಹಿಡಿ ಬೇವಿನ ಹಿಂಡಿ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಪುಕ್ಕಟೆ ಸಿಕ್ಕಿತೆಂದು ಕುಂಡಕ್ಕೆ ತುಂಬಬೇಡಿ. ಅದು ಕಬ್ಬಿಗೆ ಒಳ್ಳೆಯದು, ಕುಂಡದಲ್ಲಿ ತೇವ ಹಿಡಿದು ಕೂರುತ್ತದೆ. ಕುಂಡಕ್ಕೆ ತೂತಿರಬೇಕೆಂದು ಬರೆಯಲು ಸಂಕೋಚವಾಗುತ್ತದೆ, ಆದರೆ ತೂತಿಲ್ಲದ ಪೇಂಟ್ ಡಬ್ಬಿಗಳು ಊರೂರಿನ ಕಟ್ಟೆಯ ಮೇಲೆ ಕೂತಿವೆ. ಗಡ್ಡೆಯ ಭುಜ ಮಣ್ಣಿನ ಮೇಲೆ ಕಾಣುವಂತೆ ನೆಡಿ.

ಇನ್ನು ಪಂಚಾಂಗ. ದೀಪಾವಳಿಗೆ ನೀರು ನಿಲ್ಲಿಸಿ ಕುಂಡವನ್ನು ಮಳೆ ತಾಗದ ಜಾಗಕ್ಕೆ ಸರಿಸಿ. ಎಲೆ ತಾನಾಗಿ ಹಳದಿಗೆ ತಿರುಗಿ ಬೀಳಲಿ. ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಮಣ್ಣು ನೆನೆಯುವಷ್ಟು ನೀರು. ಆಮೇಲೆ ಹಸಿರು ಮೂಗು ಕಾಣಿಸುವ ತನಕ ಕೈಕಟ್ಟಿ ಕೂರಬೇಕು. ಆರರಿಂದ ಎಂಟು ವಾರ, ಅಂದರೆ ಬಾಗಲಕೋಟೆಯಲ್ಲಿ ಹೋಳಿಯ ಹಲಗೆ ಬಾರಿಸುವ ದಿನಗಳ ಹೊತ್ತಿಗೆ, ಟೊಳ್ಳು ದಂಟಿನ ಮೇಲೆ ಹೂ. ಬೆಳಗಿನ ಬಿಸಿಲು ಸಾಕು. ಮಧ್ಯಾಹ್ನದ್ದು ಎಸಳನ್ನು ಸುಡುತ್ತದೆ.

ಹೂ ಉದುರಿದ ಮೇಲೆ ಬಹುತೇಕರು ಗಿಡ ಮರೆಯುತ್ತಾರೆ. ಇನ್ನು ಕೆಲವರು ಎಲೆ ಅಡ್ಡಾದಿಡ್ಡಿ ಬಿದ್ದಿದೆಯೆಂದು ಕತ್ತರಿಸಿ ಚೊಕ್ಕ ಮಾಡುತ್ತಾರೆ. ಹಾಗೆ ಕತ್ತರಿಸಿದವರು ಮುಂದಿನ ವರ್ಷದ ಹೂವನ್ನೇ ಕತ್ತರಿಸಿದ್ದಾರೆ. ಈ ಗಡ್ಡೆಯೊಳಗೆ ಸರಾಸರಿ ನಾಲ್ಕೆಲೆಗೆ ಒಂದರಂತೆ ಹೂದಂಟಿನ ಮೊಳಕೆ ಹುಟ್ಟುತ್ತದೆ. ಹುಟ್ಟಿದ್ದು ಹೊರಬರಲು ವರ್ಷವೇ ಬೇಕು. ಎಷ್ಟು ಎಲೆ ಎಷ್ಟು ಬಿಸಿಲುಂಡಿತೋ ಅಷ್ಟು ಹೂ. ಹೂದಂಟನ್ನು ಮಾತ್ರ ಬೀಜ ಕಟ್ಟುವ ಮೊದಲು ಕೊಯ್ದು, ಎಲೆಗೆ ಮಳೆಗಾಲವಿಡೀ ನೀರು ಗೊಬ್ಬರ ಕೊಡಿ. ಆ ದಿನಗಳಲ್ಲೇ ಕಪ್ಪು ಮೈಯ ಚುಕ್ಕೆ ಹುಳುಗಳು ಗುಂಪಾಗಿ ಬಂದು ರಾತ್ರಿ ಬೆಳಗಾಗುವುದರೊಳಗೆ ಎಲೆ ಮೇಯುವುದುಂಟು. ಔಷಧಿ ಅಂಗಡಿಗೆ ಓಡುವ ಬದಲು ಕಡ್ಡಿಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದು ವಾಸಿ.

ಫುಟ್‌ಬಾಲ್ ಲಿಲ್ಲಿಗೆ ಇಷ್ಟು ಉಪಚಾರವೂ ಬೇಡ. ಆಫ್ರಿಕಾದಿಂದ ಬಂದ ಇದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಬರಿನೆಲದಿಂದ ಎದ್ದು, ನೂರಕ್ಕೂ ಹೆಚ್ಚು ಕಿರುಹೂಗಳ ಕೆಂಪು ಚೆಂಡಾಗಿ ನಿಲ್ಲುತ್ತದೆ. ಎಲೆ ಅದರ ಹಿಂದೆ ಬರುತ್ತದೆ. ಗಿಡದ ಬುಡದ ಅರೆನೆರಳಲ್ಲಿ ಊರಿ, ಕಾಲ್ತುಳಿತಕ್ಕೆ ಸಿಗದಂತೆ ಸುತ್ತ ನಾಲ್ಕು ಕಲ್ಲಿಡಿ. ಮಳೆಲಿಲ್ಲಿಯೂ ಸುಲಭ. ಭರಣಿಯೋ ಕೃತ್ತಿಕೆಯೋ, ಮೊದಲ ಅಡ್ಡಮಳೆ ಬಿದ್ದ ಕೆಲವೇ ದಿನಕ್ಕೆ ಹುಲ್ಲಿನಂಥ ಎಲೆಗಳ ನಡುವೆ ಗುಲಾಬಿ ಹೂಗಳು ಒಟ್ಟಿಗೇ ಎದ್ದುಬಿಡುತ್ತವೆ. ಒಂದೆರಡು ದಿನದ ಬಾಳು. ದಿನವೂ ಪೈಪಿನ ನೀರುಣ್ಣುವ ಮಳೆಲಿಲ್ಲಿ ಎಲೆಯನ್ನೇ ಬೆಳೆಸುತ್ತ ಕೂರುತ್ತದೆ, ಮಳೆಗೆ ಕಾದದ್ದು ಅರಳುತ್ತದೆ.

ಇವೆಲ್ಲ ಪರದೇಶದ ಗಡ್ಡೆಗಳು. ನಮ್ಮದೇ ನೆಲದ್ದು ಬೇಕೆಂದರೆ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿರುವ ಅಡವಿ ಉಳ್ಳಾಗಡ್ಡಿ. ಬೇಸಿಗೆಯಲ್ಲಿ ಒಂದೂ ಎಲೆಯಿಲ್ಲದೆ ಉದ್ದ ದಂಟೆತ್ತಿ, ಸಂಜೆಯ ಮೇಲೆ ಕಂದು ಬೆರೆತ ಮಾಸಲು ಹೂಗಳನ್ನು ಬಿಡುತ್ತದೆ. ಅಂದಗಾತಿಯೇನಲ್ಲ. ಆದರೂ ನನಗೆ ಅಮರಿಲ್ಲಿಸಿಗಿಂತ ಒಂದು ತೂಕ ಹೆಚ್ಚಿನ ಗೌರವ ಅದರ ಮೇಲೆ. ಇದೂ ವಿಷದ ಗಡ್ಡೆ. ಗುಡ್ಡದಿಂದ ಅಗೆದು ತರಬೇಡಿ, ಸಂಜೆ ಹೋಗಿ ನೋಡಿ ಬನ್ನಿ.

ಕೊನೆಗೆ ಸುಗಂಧರಾಜ, ನಮ್ಮ ಕಡೆ ಕೆಲವರ ಬಾಯಲ್ಲಿ ನಿಶಿಗಂಧ. ಮೆಕ್ಸಿಕೋ ಮೂಲದ ಇದು ವಸಂತದಲ್ಲಿ ಅರಳುವುದಿಲ್ಲ, ವಸಂತದಲ್ಲಿ ಊರಬೇಕು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದರಲ್ಲಿ ಒಳ್ಳೆಯ ತಳಿಗಳನ್ನು ಕೊಟ್ಟಿದೆ. ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನವು, ಸುವಾಸಿನಿ ಸುತ್ತು ಹೂವಿನದು. ಹೂದಾನಿಗೆ ಸುತ್ತು ಹೂ ಚೆಂದ, ಮೂಗಿಗೆ ಒಂಟಿ ಸುತ್ತೇ ಸರಿ. ಬೇರುಗಂಟು ಜಂತುವಿನ ಕಾಟವಿರುವ ತೋಟಕ್ಕೆ ಅದನ್ನು ತಾಳಿಕೊಳ್ಳುವ ಶೃಂಗಾರ್ ಆರಿಸಿ. 2008ರಲ್ಲಿ ಶುರುವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋದಾಗ ತಳಿಯ ಹೆಸರು ಹಿಡಿದೇ ವಿಚಾರಿಸಿ. ಬರೀ ‘ಸುಗಂಧರಾಜ’ ಎಂದು ಕೇಳಿದರೆ ಯಾವುದೋ ಕೈಗೆ ಬರುತ್ತದೆ.

ಈಗಷ್ಟೇ ಕಿತ್ತ ಗಡ್ಡೆಯನ್ನು ತಿಂಗಳೊಪ್ಪತ್ತು ನೆರಳಲ್ಲಿ ಹರವಿಟ್ಟು ಆಮೇಲೆ ನೆಡಬೇಕು. ಎರಡು ಬೆರಳು ಆಳ, ಗೇಣು ಅಂತರ. ಮೂರು ಮೂರೂವರೆ ತಿಂಗಳಿಗೆ ದಂಟು ಬರುತ್ತದೆ. ಒಮ್ಮೆ ಹೂಬಿಟ್ಟ ಗಡ್ಡೆ ಮತ್ತೆ ಹೂಬಿಡುವುದಿಲ್ಲ, ಸುತ್ತ ಕಟ್ಟಿದ ಮರಿಗಳದ್ದು ಮುಂದಿನ ಸರದಿ. ಮೂರು ವರ್ಷಕ್ಕೊಮ್ಮೆ ಕಿತ್ತು, ಮರಿ ಬಿಡಿಸಿ, ದಪ್ಪವಾದವನ್ನು ಬೇರೆ ಮಡಿಗೆ ಹಾಕಿದರಾಯಿತು. ಯುಗಾದಿಗೆ ಊರಿದವರಿಗೆ ಶ್ರಾವಣ ಸೋಮವಾರದ ಪೂಜೆಗೆ ಹೂ ಮನೆಯಲ್ಲೇ ಸಿಗುತ್ತದೆ; ಹಾರದ ಬೆಲೆ ಏರುವುದೂ ಅದೇ ತಿಂಗಳಲ್ಲಿ.