ಕುಶಲಕರ್ಮಿಯ ಕಲೆ ಮತ್ತು ಸಮಾಜದ ಋಣ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ಬಿಡದಿಯಿಂದ ಚನ್ನಪಟ್ಟಣದವರೆಗಿನ ಮೂವತ್ತು ಕಿಲೋಮೀಟರಿನೊಳಗೆ, ಮನುಷ್ಯನ ಕೈಗೆಲಸದ ಮೂರು ಅವಸ್ಥೆಗಳು ಒಂದರ ಹಿಂದೊಂದು ಕಾಣಸಿಗುತ್ತವೆ. ಮೊದಲನೆಯದು ಬಿಡದಿಯ ಕೈಗಾರಿಕಾ ಪ್ರದೇಶ. ಎರಡನೆಯದು ರಾಮನಗರವನ್ನು ದಾಟಿದೊಡನೆ ಸಿಗುವ ಜಾನಪದ ಲೋಕ. ಮೂರನೆಯದು ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳ ಕೇರಿಗಳು. ಕಲೆಯೆಂದರೇನು, ಕಲಾವಿದನೆಂದು ಯಾರನ್ನು ಕರೆಯಬೇಕು, ಆತನಿಗೆ ಸಮಾಜವು ಯಾವ ಋಣವನ್ನು ಸಲ್ಲಿಸಬೇಕು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಗ್ರಂಥಗಳಲ್ಲಿ ಹುಡುಕುತ್ತೇವೆ. ಈ ರಸ್ತೆಯ ಪಕ್ಕದಲ್ಲಿಯೂ ಅವುಗಳನ್ನು ವಿಚಾರಿಸಬಹುದು.

ಬಿಡದಿಯಲ್ಲಿ 1997ರಲ್ಲಿ ಸ್ಥಾಪಿತವಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಕಾರ್ಖಾನೆಯಿದೆ. ಅದರ ಸುತ್ತ ಅನೇಕ ಉದ್ಯಮಗಳು ಬೆಳೆದಿವೆ. ಅಲ್ಲಿಯ ಕೆಲಸದಲ್ಲಿ ಕೌಶಲವಿಲ್ಲವೆಂದು ಹೇಳುವುದು ಅಜ್ಞಾನ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಶಿಸ್ತು ಅಲ್ಲಿ ಬೇಕು. ಆದರೆ ವಸ್ತುವಿನ ಸಮಗ್ರ ರೂಪವನ್ನು ಯೋಚಿಸುವವನು ಒಬ್ಬ, ಅದರ ಒಂದೊಂದು ಅಂಗವನ್ನು ಜೋಡಿಸುವವರು ಬೇರೆ ನೂರು ಜನ. ಯೋಚಿಸುವ ಮನಸ್ಸೂ ದುಡಿಯುವ ಕೈಯೂ ಇಲ್ಲಿ ಬೇರ್ಪಟ್ಟಿವೆ. ಈ ಬೇರ್ಪಡೆಯಿಂದ ವಸ್ತುಗಳು ಹೇರಳವಾಗಿ ದೊರೆತಿವೆ, ಸಾವಿರಾರು ಮನೆಗಳಿಗೆ ಅನ್ನವೂ ದೊರೆತಿದೆ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಭೇದವನ್ನು ಗುರುತಿಸುವುದಷ್ಟೇ ಉದ್ದೇಶ.

ಚನ್ನಪಟ್ಟಣದ ಗೊಂಬೆಯಲ್ಲಿ ಮನಸ್ಸು ಮತ್ತು ಕೈ ಇನ್ನೂ ಒಂದಾಗಿವೆ. ಬಿಳಿಯ ಮೈಯ ಆಲೆಮರವನ್ನು ಒಣಗಿಸಿ, ತುಂಡರಿಸಿ, ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದಾಗ, ಉಜ್ಜುವಿಕೆಯಿಂದ ಹುಟ್ಟಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅನಂತರ ತಾಳೆಗರಿಯನ್ನು ಹಿಡಿದು ಹೊಳಪು ಕೊಡುತ್ತಾರೆ. ಎಷ್ಟು ಒತ್ತಬೇಕು, ಯಾವ ಕ್ಷಣದಲ್ಲಿ ಕೈ ತೆಗೆಯಬೇಕು ಎಂಬುದು ಯಾವ ಅಳತೆಪಟ್ಟಿಯಲ್ಲಿಯೂ ಬರೆದಿಲ್ಲ. ಅದು ಕೈಯಲ್ಲಿಯೇ ನೆಲೆಸಿದ ತಿಳಿವಳಿಕೆ.

ಈ ಗೊಂಬೆಗಳ ಸೌಂದರ್ಯವನ್ನು ವಿಮರ್ಶಕನು ಎಲ್ಲಿ ಕಾಣಬೇಕು? ಬಣ್ಣದ ಉಜ್ವಲತೆಯಲ್ಲಿ ಎಂದು ಹಲವರು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಮಿತಿಯ ಸ್ವೀಕಾರದಲ್ಲಿದೆ. ತಿರುಗುವ ಯಂತ್ರವು ದುಂಡನೆಯ ರೂಪವನ್ನಲ್ಲದೆ ಮತ್ತೊಂದನ್ನು ಕೊಡಲಾರದು. ಆನೆಯಾಗಲಿ, ವಧೂವರರಾಗಲಿ, ರೈಲುಗಾಡಿಯಾಗಲಿ, ಎಲ್ಲವನ್ನೂ ಗುಂಡು, ಕಂಬ, ಬಳೆ ಇವುಗಳ ಭಾಷೆಯಲ್ಲಿಯೇ ಹೇಳಬೇಕು. ಎರಡು ಚುಕ್ಕೆ ಕಣ್ಣಾಗುತ್ತದೆ, ಒಂದು ಪಟ್ಟಿ ನಡುವಾಗುತ್ತದೆ. ಉಳಿದುದನ್ನು ಮಗುವಿನ ಕಲ್ಪನೆ ತುಂಬಿಕೊಳ್ಳುತ್ತದೆ. ಚೂಪಾದ ಅಂಚಿಲ್ಲದಿರುವುದು ಇಲ್ಲಿ ಶೈಲಿಯೂ ಹೌದು, ಆಡುವ ಮಗುವಿನ ಮೇಲಿನ ಕರುಣೆಯೂ ಹೌದು. ಉಪಯೋಗವೂ ಸೌಂದರ್ಯವೂ ಬೇರೆ ಬೇರೆಯಲ್ಲವೆಂಬ ಮಾತಿಗೆ ಇದಕ್ಕಿಂತ ಸರಳವಾದ ನಿದರ್ಶನ ದುರ್ಲಭ.

ಈ ಕಲೆಗೆ ಟಿಪ್ಪು ಸುಲ್ತಾನನು ಪರ್ಷಿಯದ ಕುಶಲಿಗಳನ್ನು ಕರೆಸಿ ಆಶ್ರಯವಿತ್ತನೆಂಬ ಪ್ರತೀತಿಯಿದೆ. ಬಾವಾಸ್ ಮಿಯಾನ್ ಎಂಬವರು ಜಪಾನೀ ತಂತ್ರವನ್ನು ಅಳವಡಿಸಿದರೆಂದು ಊರಿನವರು ಸ್ಮರಿಸುತ್ತಾರೆ. 2005–06ರ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಲಭಿಸಿತು. ಇದು ಸಂತೋಷದ ವಿಷಯವೇ. ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಮಾನ್ಯತೆಯು ಊರಿನ ಹೆಸರನ್ನು ರಕ್ಷಿಸುತ್ತದೆ, ಕಡೆದವನ ಹೆಸರನ್ನಲ್ಲ. ಪೆಟ್ಟಿಗೆಯ ಮೇಲೆ ಚನ್ನಪಟ್ಟಣವಿದೆ, ಕೈ ಯಾರದೆಂಬುದು ಕೊಳ್ಳುವವನಿಗೆ ತಿಳಿಯುವುದಿಲ್ಲ.

ಜಪಾನಿನ ಚಿಂತಕ ಯಾನಗಿ ಸೋಯೆತ್ಸು ಜನಸಾಮಾನ್ಯರ ಬಳಕೆಯ ವಸ್ತುಗಳಲ್ಲಿ ಪರಮ ಸೌಂದರ್ಯವನ್ನು ಕಂಡು, 1936ರಲ್ಲಿ ಟೋಕಿಯೋದಲ್ಲಿ ಅವುಗಳಿಗೊಂದು ಸಂಗ್ರಹಾಲಯವನ್ನು ತೆರೆದರು. ಹೆಸರಿಲ್ಲದ ಕುಶಲಿಯ ಅಹಂಕಾರರಹಿತ ಸೃಷ್ಟಿಯನ್ನು ಅವರು ಕೊಂಡಾಡಿದರು. ಈ ದೃಷ್ಟಿ ಉದಾತ್ತವಾದುದು. ಆದರೂ ಅದನ್ನು ಯಥಾವತ್ತಾಗಿ ಒಪ್ಪುವುದು ಕಷ್ಟ. ತಾನಾಗಿ ಹೆಸರನ್ನು ಬಿಟ್ಟವನದು ತ್ಯಾಗ. ಪೇಟೆಯು ಹೆಸರನ್ನು ಅಳಿಸಿದಾಗ ಅದು ನಷ್ಟ. ಎರಡನ್ನೂ ಅನಾಮಿಕತೆಯೆಂಬ ಒಂದೇ ಮಾತಿನಿಂದ ಕರೆದರೆ ಅನ್ಯಾಯಕ್ಕೆ ಅಧ್ಯಾತ್ಮದ ಹೊದಿಕೆ ಹೊದಿಸಿದಂತಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಈ ವಿಷಯದಲ್ಲಿ ನಮಗೆ ಬೆಳಕಾಗಬಲ್ಲರು. ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ಕದಿರೆ ರೆಮ್ಮವ್ವೆ—ಇಲ್ಲಿ ಬಿದಿರು, ದೋಣಿ, ಕದಿರುಗಳು ವ್ಯಕ್ತಿಯ ಹೆಸರನ್ನು ನುಂಗಲಿಲ್ಲ. ಅದರೊಡನೆ ನಿಂತು ಗೌರವವನ್ನು ಪಡೆದವು. ಕಾಯಕವನ್ನು ಹೊಗಳುವ ನಾವು ಆಯ್ದಕ್ಕಿ ಲಕ್ಕಮ್ಮನ ಕಥೆಯ ಮರ್ಮವನ್ನು ಮರೆಯಬಾರದು. ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ತಂದ ಗಂಡನನ್ನು ಆಕೆ ತಿದ್ದಿದಳು. ದುಡಿಮೆಗೂ ಪ್ರತಿಫಲಕ್ಕೂ ಒಂದು ನ್ಯಾಯವಾದ ಅಳತೆಯುಂಟೆಂಬುದು ಅದರ ತಾತ್ಪರ್ಯ. ಹೆಚ್ಚಾದುದು ದೋಷವಾದರೆ ಕಡಿಮೆಯಾದುದೂ ದೋಷವೇ. ಕುಶಲಕರ್ಮಿಗೆ ಕಾಯಕದ ಉಪದೇಶವನ್ನು ಮಾತ್ರ ಕೊಟ್ಟು ತಕ್ಕ ಬೆಲೆಯನ್ನು ಕೊಡದಿರುವ ಸಮಾಜವು ಆ ತತ್ತ್ವದ ಅರ್ಧವನ್ನಷ್ಟೇ ಓದಿದೆ.

ಇನ್ನು ಜಾನಪದ ಲೋಕ. ಆಡಳಿತ ಸೇವೆಯಲ್ಲಿದ್ದುಕೊಂಡೇ ಜನಪದರ ಹಾಡುಗಳನ್ನು ಸಂಗ್ರಹಿಸಿದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ಜಾನಪದ ಲೋಕವು ಉದ್ಘಾಟನೆಗೊಂಡಿತು. ಲೋಕಮಾತಾ ಮಂದಿರ, ಚಿತ್ರಕುಟೀರ, ಲೋಕಮಹಲ್, ಆಯಗಾರರ ಮಾಳ ಮುಂತಾದ ವಿಭಾಗಗಳಲ್ಲಿ ಒಕ್ಕಲುತನದ, ಅಡುಗೆಮನೆಯ, ಆರಾಧನೆಯ, ಕುಣಿತದ ವಸ್ತುಗಳನ್ನು ಅಲ್ಲಿ ನೋಡಬಹುದು. ನಾಶದ ಅಂಚಿನಲ್ಲಿದ್ದ ಎಷ್ಟೋ ವಸ್ತುಗಳು ಉಳಿದದ್ದು ಈ ಒಬ್ಬ ಮಹನೀಯರ ಛಲದಿಂದ.

ಆದರೂ ವಿಮರ್ಶೆಯ ಪ್ರಶ್ನೆ ಉಳಿಯುತ್ತದೆ. ಪೂಜಾ ಕುಣಿತದ ಪೂಜೆಯು ಕಲಾವಿದನ ತಲೆಯ ಮೇಲೆ, ತಮಟೆಯ ಗತ್ತಿಗೆ, ಹಬ್ಬದ ಜನದ ನಡುವೆ ತೂಗುವಾಗ ಮಾತ್ರ ಪೂಜೆ. ಗೋಡೆಯ ಪಕ್ಕದಲ್ಲಿ ನಿಲ್ಲಿಸಿದಾಗ ಅದು ಬಿದಿರು ಮತ್ತು ಬಟ್ಟೆ. ಸಂಗ್ರಹಾಲಯವು ವಸ್ತುವನ್ನು ಉಳಿಸಬಲ್ಲದು, ಕ್ರಿಯೆಯನ್ನು ಉಳಿಸಬೇಕಾದವರು ಜನರು. ನಾಗೇಗೌಡರು ಇದನ್ನು ಅರಿಯದವರಲ್ಲ. ಅವರ ಒಂದು ಸಂಕಲನಕ್ಕೆ ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಹೆಸರಿದೆ. ಜನಪದ ಗೀತೆಗೆ ಕರ್ತೃವಿಲ್ಲವೆಂಬ ಪಂಡಿತರ ವಾದದ ನಡುವೆ, ಹಾಡಿದ ಕೊರಳಿಗೊಂದು ಹೆಸರುಂಟೆಂದು ಆ ಮುಖಪುಟ ಸಾರುತ್ತದೆ. ಅವರ ಸಾಧನೆಗಳಲ್ಲಿ ಕಟ್ಟಡಗಳಿಗಿಂತ ಇದು ಕಿರಿದೆಂದು ನಮಗೆ ತೋರುವುದಿಲ್ಲ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿಯು ಉದ್ಘಾಟನೆಯಾಯಿತು. ಅದು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಳೆಯ ರಸ್ತೆಯ ಗೊಂಬೆಯಂಗಡಿಗಳ ಮುಂದೆ ನಿಲ್ಲುವ ವಾಹನಗಳು ವಿರಳವಾದವು. ರಸ್ತೆಯನ್ನು ದೂಷಿಸುವುದು ಸುಲಭ. ಆದರೆ ಈ ಘಟನೆಯು ಒಂದು ಕಹಿಸತ್ಯವನ್ನು ಬಯಲಿಗೆಳೆಯಿತು: ಶತಮಾನಗಳ ಕಲೆಯೊಂದು ದಾರಿಹೋಕರ ಕ್ಷಣದ ಕುತೂಹಲವನ್ನು ಬಹುಮಟ್ಟಿಗೆ ನೆಚ್ಚಿಕೊಂಡಿತ್ತು, ನೆರೆಹೊರೆಯ ಮನೆಗಳ ನಿತ್ಯದ ಅಗತ್ಯವಾಗಿ ಅದು ಉಳಿದಿರಲಿಲ್ಲ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಕಮಲಾದೇವಿ ಚಟ್ಟೋಪಾಧ್ಯಾಯರು ಕುಶಲಕಲೆಯನ್ನು ಜನಜೀವನದ ಅಂಗವೆಂದೇ ಭಾವಿಸಿ ದುಡಿದರು. ಅವರ ನಾಡಿನವರಾದ ನಾವು ಅದನ್ನು ನೆನಪಿನ ಕಾಣಿಕೆಯ ಮಟ್ಟಕ್ಕೆ ಇಳಿಸಿದೆವು.

ಕಲೆ ಸಮಾಜಕ್ಕೆ ಏನು ಮಾಡಬೇಕೆಂದು ಕೇಳುವ ಮೊದಲು ಸಮಾಜವು ಕಲೆಗೆ ಏನು ಮಾಡಬೇಕೆಂದು ಕೇಳಿಕೊಳ್ಳುವುದು ಉಚಿತ. ಕೆಲಸಕ್ಕೆ ತಕ್ಕ ಬೆಲೆ, ಕೈಗೊಂದು ಹೆಸರು, ಕಲಿಯಲು ಬರುವ ಎಳೆಯರಿಗೊಂದು ಭರವಸೆ—ಈ ಮೂರನ್ನು ಕೊಡುವುದು ಅಸಾಧ್ಯವೇನಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಒಂದು ಗಿಲಕಿಯನ್ನು, ನವರಾತ್ರಿಗೆ ಒಂದು ಜೊತೆ ಗೊಂಬೆಯನ್ನು ಕೊಳ್ಳುವಾಗ ಇದನ್ನು ಕಡೆದವರು ಯಾರೆಂದು ನಾವು ಕೇಳುವಂತಾಗಲಿ. ಅಂಗಡಿಯವನಿಗೆ ಉತ್ತರ ತಿಳಿಯದಿದ್ದರೆ ಮುಂದಿನ ಸಲ ತಿಳಿದುಕೊಂಡಿರುತ್ತಾನೆ. ಪ್ರಶ್ನೆಯನ್ನು ನಾಲ್ಕು ಜನ ಕೇಳಬೇಕು, ಅಷ್ಟೆ.