ಏರಿತೋ, ಏರಿಸಿದರೋ?

ಇಂಗ್ಲಿಷಿನ 'ಇನ್‌ಕ್ರೀಸ್' ಮೇಲ್ನೋಟಕ್ಕೆ ಬಹಳ ಸಾಧು ಪದ. ಲ್ಯಾಟಿನ್ನಿನ 'ಬೆಳೆ' ಎಂಬರ್ಥದ ಧಾತುವಿನಿಂದ ಬಂದದ್ದು. 1611ರ ಇಂಗ್ಲಿಷ್ ಬೈಬಲಿನಲ್ಲಿ ಹೊಲದ ಫಸಲಿಗೂ ದನಕರುಗಳ ಸಂತತಿಗೂ ಅದೇ ಮಾತು. ಮಳೆ ಬಂದರೆ ಪೈರು ಮೇಲೇಳುವಂತೆ ತಾನಾಗಿ ಆಗುವ ವೃದ್ಧಿ ಅದು. ಆ 'ತಾನಾಗಿ' ಎಂಬ ಭಾವ ಇಂದಿಗೂ ಪದಕ್ಕೆ ಅಂಟಿಕೊಂಡಿದೆ. ನನ್ನ ತಕರಾರು ಅದರ ಮೇಲೆಯೇ. ಬೆಲೆ ಹೆಚ್ಚಿದರೂ ಇನ್‌ಕ್ರೀಸ್, ಹೆಚ್ಚಿಸಿದರೂ ಇನ್‌ಕ್ರೀಸ್. ನಾಮಪದವಾದಾಗ ಉಚ್ಚಾರದ ಒತ್ತು 'ಇನ್' ಕಡೆಗೆ ಜರುಗುತ್ತದೆ, ಕರ್ತೃ ನಾಪತ್ತೆಯಾಗುತ್ತಾನೆ.

ಕನ್ನಡಕ್ಕೆ ಈ ಬಡತನವಿಲ್ಲ. ಏರಿತು, ಏರಿಸಿದರು, ಹೆಚ್ಚಿತು, ಹೆಚ್ಚಿಸಿದರು. ಒಂದು 'ಇಸು' ಸೇರಿದರೆ ಸಾಕು, ಹಿಂದೆ ಯಾರದೋ ಕೈ ಇದೆಯೆಂದು ತಿಳಿಯುತ್ತದೆ. ಆದರೂ ನಮ್ಮ ತಲೆಬರಹಗಳಿಗೆ 'ದರ ಏರಿಕೆ'ಯೇ ಪ್ರಿಯ. ಸರ್ಕಾರಿ ಪ್ರಕಟಣೆಗಳಲ್ಲಿ ಇನ್ನೂ ನಯವಾಗಿ 'ದರ ಪರಿಷ್ಕರಣೆ'. (ಪರಿಷ್ಕರಿಸಿ ಇಳಿಸಿದ್ದನ್ನು ಕಂಡವರು ಕಡಿಮೆ.)

ನಂದಿನಿ ಹಾಲನ್ನೇ ನೋಡಿ. 2024ರ ಜೂನ್‌ನಲ್ಲಿ ನೀಲಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ಪಡೆದರು. ಲೀಟರಿನ ಪ್ಯಾಕೆಟ್ 1,050 ಮಿಲಿ ಆಯಿತು, ಬೆಲೆ 42ರಿಂದ 44ಕ್ಕೆ ಹೋಯಿತು. ಇದು ದರ ಏರಿಕೆಯಲ್ಲ ಎಂದಿತು ಸರ್ಕಾರ. ಲೆಕ್ಕಕ್ಕೆ ಅದು ನಿಜವೇ, ಮಿಲಿಲೀಟರಿನ ಬೆಲೆ ಏರಿರಲಿಲ್ಲ. ಆದರೆ ಹೆಚ್ಚಿನ ಹಾಲು ಬೇಡವೆನ್ನುವ ಆಯ್ಕೆ ಗ್ರಾಹಕರಿಗೆ ಇರಲಿಲ್ಲ. 2025ರ ಏಪ್ರಿಲ್ 1ರಿಂದ ಆ 50 ಮಿಲಿ ಹಿಂದಕ್ಕೆ ಹೋಯಿತು, ಲೀಟರಿಗೆ 46 ರೂಪಾಯಿ ಆಯಿತು. ಪ್ಯಾಕೆಟ್ಟಿನ ಬೆಲೆ ನೋಡಿದವರಿಗೆ ಹೆಚ್ಚಿದ್ದು 2 ರೂಪಾಯಿ, ಲೀಟರಿನ ಲೆಕ್ಕ ಹಾಕಿದವರಿಗೆ 4. ಈ ಸಲ ಸರ್ಕಾರವೂ ಏರಿಕೆಯೆಂದು ಒಪ್ಪಿತು. ರೈತರಿಗಾಗಿ ಎಂಬ ಸಮರ್ಥನೆ ಕೊಟ್ಟಿತು. ಸಮರ್ಥನೆ ಸರಿಯೋ ತಪ್ಪೋ, ಇಂಥವರು ಇಂಥದ್ದಕ್ಕಾಗಿ ಏರಿಸಿದರು ಎಂದಾಗಲೇ ವಾದಕ್ಕೆ ಜಾಗ ಸಿಗುವುದು.

ಶೇಕಡಾವಾರಿನಲ್ಲಿ ಗೊಂದಲ ಇನ್ನೂ ದಟ್ಟ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಒಯ್ದಿತು. ಇದನ್ನು 'ಶೇ 2.5ರಷ್ಟು ಏರಿಕೆ' ಎಂದು ಬರೆಯುವುದು ರೂಢಿ. ಲೆಕ್ಕ ತಪ್ಪು: 4ರ ಶೇ 2.5 ಎಂದರೆ 0.1 ಮಾತ್ರ. ಏರಿದ್ದು 2.5 ಶೇಕಡಾವಾರು ಅಂಶ. ಮೊದಲಿದ್ದ ದರಕ್ಕೆ ಹೋಲಿಸಿದರೆ ಶೇ 62.5. ಮನೆ ಸಾಲದ ಕಂತು ಕಟ್ಟುವವರಿಗೆ 'ಶೇ 2.5' ಎಂಬ ಬರಹ ಹಗುರವಾಗಿ ಕಾಣುತ್ತದೆ, ಕಂತು ಮಾತ್ರ ಹಗುರವಾಗುವುದಿಲ್ಲ.

ಹಾಗಾಗಿ ಸುದ್ದಿಮನೆಯ ಗೆಳೆಯರಲ್ಲಿ ಕೇಳುವುದಿಷ್ಟೆ: 'ಏರಿಕೆ' ಎಂದು ಬರೆದಾಗಲೆಲ್ಲ ಎಷ್ಟರಿಂದ ಎಷ್ಟಕ್ಕೆ ಎಂಬುದನ್ನೂ ಏರಿಸಿದವರ ಹೆಸರನ್ನೂ ಮೊದಲ ಪ್ಯಾರಾದಲ್ಲೇ ಕೊಡಿ.